ಜಿಂಕೆಗೆ ಯಾವ ಗುಂಡು?

ಹೋದ ವಾರ ಗೆಳೆಯನೊಬ್ಬ ಅಂಗಡಿಯೊಳಗೆ ನಿಂತುಕೊಂಡೇ ಫೋಟೋ ಕಳಿಸಿದ. ಗೋಡೆಯುದ್ದಕ್ಕೂ ತೋಟಾ ಡಬ್ಬಗಳು, ಕೆಂಪು, ಹಸಿರು, ಹಳದಿ. ಅರ್ಧಕ್ಕರ್ಧ ಡಬ್ಬಗಳ ಮೇಲೆ ಕೊಂಬಿನ ಜಿಂಕೆಯ ಚಿತ್ರ. ಕೆಳಗೆ ಒಂದೇ ಸಾಲು: 'ಅಣ್ಣಾ, ಎಲ್ಲದರ ಮೇಲೂ .308 ಅಂತಾನೇ ಇದೆ, ಯಾವುದು ತಗೊಳ್ಳಲಿ?' .308 ಅಂದರೆ ಅವನ ಕೋವಿಗೆ ಕೂರುವ ತೋಟಾದ ನಂಬರ್.

ಅವನು ಮಂಡ್ಯದವನು, ಈಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ಕೆಲಸ. ಈ ಬೇಸಿಗೆಯಲ್ಲಿ ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿದ್ದಾನೆ, ಕೋವಿ ಕೊಂಡಿದ್ದಾನೆ, ಕಿತ್ತಳೆ ಬಣ್ಣದ ಜಾಕೆಟ್ಟೂ ಬಂದಾಗಿದೆ. ವಿಸ್ಕಾನ್ಸಿನ್‌ನಲ್ಲಿ ಕೋವಿಯ ಜಿಂಕೆ ಬೇಟೆ ಶುರುವಾಗುವುದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ. ಒಟ್ಟು 9 ದಿನ. ಉಳಿದಿರುವುದು ಗುಂಡು ಮಾತ್ರ. 'ಈಗ ಏನೂ ತಗೋಬೇಡ ಮಾರಾಯ, ಬರೆದು ಕಳಿಸ್ತೀನಿ' ಅಂತ ಉತ್ತರ ಹಾಕಿದೆ. ಬರೆಯುತ್ತಾ ಹೋದರೆ ಉದ್ದವಾಯಿತು. ಅದಕ್ಕೇ ಎಲ್ಲರಿಗೂ ಸಿಗಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ನಾನು ಕೊಡಗಿನವನು. ನಮ್ಮ ಮನೆಯಲ್ಲಿ ಅಜ್ಜನ ಜಮ್ಮಾ ಕೋವಿ (ವಂಶದ ಜಮೀನಿನ ಹಕ್ಕಿನ ಜೊತೆ ಬಂದದ್ದು) ಇತ್ತು, ಹನ್ನೆರಡು ಬೋರಿನ ಜೋಡಿ ನಳಿಗೆಯದು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅದನ್ನು ಒರೆಸಿ, ಗಂಧ ಹಚ್ಚಿ, ತೋಕ್‌ ಪೂವು, ಅಂದರೆ ಕೋವಿ ಹೂವು, ಇಟ್ಟು ಪೂಜೆ ಮಾಡುತ್ತಿದ್ದರು. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ನಾನು ನೋಡಿದ್ದು ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದವನು ನಾನು, ಊರಿನ ಕಾಡಿನಲ್ಲಿ ಒಂದು ಜಿಂಕೆಗೂ ಗುರಿ ಇಟ್ಟವನಲ್ಲ, ಇಡುವುದೂ ಇಲ್ಲ. ಅಲ್ಲಿ ಅವು ಉಳಿಯಬೇಕು. ಈಗ ನಾನೂ ಇರುವ ಈ ವಿಸ್ಕಾನ್ಸಿನ್‌ನ ಲೆಕ್ಕ ಬೇರೆ. ಬಿಳಿಬಾಲದ ಜಿಂಕೆ ಹೊಲಗಳಿಗೆ ನುಗ್ಗುವಷ್ಟು ಇದೆ, ಎಷ್ಟು ಹೊಡೆಯಬಹುದು, ಎಲ್ಲಿ, ಯಾವಾಗ ಅನ್ನುವುದನ್ನು ಸರ್ಕಾರವೇ ಗೊತ್ತುಮಾಡಿ ಪರವಾನಗಿ ಕೊಡುತ್ತದೆ, ಹೊಡೆದದ್ದನ್ನು ಮರುದಿನದೊಳಗೆ ದಾಖಲಿಸಬೇಕು.

ಅಜ್ಜನ ಕಾಲದಲ್ಲಿ ಆಯ್ಕೆ ಸುಲಭವಿತ್ತು. ಎಲ್‌ಜಿ, ಎಸ್‌ಜಿ, ಇಲ್ಲಾ ನಂಬರ್ 4. ದೊಡ್ಡ ಚರೆ, ಅದಕ್ಕಿಂತ ಸಣ್ಣದು, ಇನ್ನೂ ಸಣ್ಣದು. ರೈಫಲ್‌ನಲ್ಲಿ ಹಾಗಲ್ಲ. ಹೋಗುವುದು ಒಂದೇ ಗುಂಡು. ಆ ಒಂದು ಗುಂಡು ಜಿಂಕೆಯ ಮೈಯೊಳಗೆ ಹೊಕ್ಕ ಮೇಲೆ ಏನು ಮಾಡುತ್ತದೆ ಅನ್ನುವುದೇ ಮುಖ್ಯ. ಅಂಗಡಿಯಲ್ಲಿ ನಿಂತಾಗ ನಾವು ಕೋವಿಯ ನಂಬರ್ ನೋಡುತ್ತೇವೆ, ವೇಗ ನೋಡುತ್ತೇವೆ, ಬೆಲೆ ನೋಡುತ್ತೇವೆ. ಇದೊಂದನ್ನು ಮಾತ್ರ ನೋಡುವುದಿಲ್ಲ.

ತೋಟಾ ಅಂದರೆ ನಾಲ್ಕು ಸಾಮಾನು: ಹಿತ್ತಾಳೆಯ ಕೊಳವೆ, ಹಿಂದೆ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. .308 ಅಂತ ಬರೆದಿದ್ದರೆ ಅದು ನಿನ್ನ ಕೋವಿಗೆ ಕೂರುತ್ತದೆ ಅಂತಷ್ಟೇ ಅರ್ಥ. ಯಾವ ಕ್ಯಾಲಿಬರ್, ಅಂದರೆ ಯಾವ ಅಳತೆಯ ತೋಟಾ, ಒಳ್ಳೆಯದು ಅನ್ನುವ ಜಗಳ ನನಗೆ ಬೇಡ. 1906ರ .30-06, 1925ರ .270, 1952ರ .308, 1955ರ .243, ಮೊನ್ನೆ ಮೊನ್ನೆ 2007ರಲ್ಲಿ ಬಂದ 6.5 ಕ್ರೀಡ್‌ಮೂರ್, ಯಾವುದರಿಂದಲಾದರೂ ಬಿಳಿಬಾಲದ ಜಿಂಕೆ ಬೀಳುತ್ತದೆ. ನಿನ್ನ ಹತ್ತಿರ .308 ಇದೆ. ಸಾಕು, ಮುಂದಕ್ಕೆ ಹೋಗೋಣ.

ಡಬ್ಬದ ಮೇಲಿನ ಇನ್ನೊಂದು ಅಂಕಿ ತೂಕ. 150 ಗ್ರೇನ್, 165 ಗ್ರೇನ್, 180 ಗ್ರೇನ್ ಅಂತ ಇರುತ್ತದೆ. 7000 ಗ್ರೇನ್ ಸೇರಿದರೆ ಒಂದು ಪೌಂಡ್. ನಮ್ಮ ಕಡೆಯವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ ಬ್ರಿಟಿಷರ ಕಾಲದ ತೊಲ ಅಂದರೆ ಸರಿಯಾಗಿ 180 ಗ್ರೇನ್. ಅಂದರೆ 180 ಗ್ರೇನ್ ಗುಂಡು ಒಂದು ತೊಲ ತೂಗುತ್ತದೆ, ನಮ್ಮಜ್ಜಿ ಬಂಗಾರ ತೂಗಿಸುತ್ತಿದ್ದ ತೊಲ ಅದೇ. 150 ಗ್ರೇನ್ ಅಂದರೆ 10 ಗ್ರಾಮಿಗೆ ಸ್ವಲ್ಪ ಕಡಿಮೆ. ಇಷ್ಟು ಸಣ್ಣ ಸಾಮಾನು ಅದು. ಜಿಂಕೆಗೆ .308ರಲ್ಲಿ 150 ಅಥವಾ 165 ಧಾರಾಳವಾಯಿತು. 180 ದೊಡ್ಡ ಪ್ರಾಣಿಗಳಿಗೆ, ಎಲ್ಕ್, ಮೂಸ್ ಅಂಥವಕ್ಕೆ.

ಈಗ ನಿಜವಾದ ವಿಷಯ.

ಗುಂಡು ಮಾಡಬೇಕಾದ ಕೆಲಸ ಎರಡು, ಮತ್ತು ಆ ಎರಡೂ ಒಂದಕ್ಕೊಂದು ಅಡ್ಡ ಬರುತ್ತವೆ. ಮೊದಲನೆಯದು, ಅರಳಬೇಕು. ಮೂತಿ ಹಿಂದಕ್ಕೆ ಮಡಚಿ ಅಣಬೆಯ ಹಾಗೆ ಅಗಲವಾಗಬೇಕು, ಆಗಲೇ ಒಳಗೆ ದೊಡ್ಡ ಗಾಯವಾಗಿ ಪ್ರಾಣಿ ಬೇಗ ಸಾಯುತ್ತದೆ. ಎರಡನೆಯದು, ಒಡೆಯಬಾರದು. ಚೂರುಚೂರಾದರೆ ಆಳಕ್ಕೆ ಹೋಗುವುದಿಲ್ಲ. ಜಾಸ್ತಿ ಮೆತ್ತಗಿದ್ದರೆ ಮೂಳೆಗೆ ತಾಗಿ ಪುಡಿಯಾಗುತ್ತದೆ, ಜಾಸ್ತಿ ಗಟ್ಟಿಯಿದ್ದರೆ ಅರಳದೆ ಸೂಜಿ ಚುಚ್ಚಿದ ಹಾಗೆ ಆಚೆ ಹೋಗುತ್ತದೆ, ಜಿಂಕೆ ಮೈಲಿಗಟ್ಟಲೆ ಓಡಿ ಎಲ್ಲೋ ನರಳಿ ಸಾಯುತ್ತದೆ. ಸೇನೆಯವರು ಬಳಸುವ, ಪೂರ್ತಿ ತಾಮ್ರದ ಹೊದಿಕೆಯ ಅಗ್ಗದ ಗುಂಡು ಮಾಡುವುದು ಇದನ್ನೇ. ಅನೇಕ ರಾಜ್ಯಗಳಲ್ಲಿ ಅದರಲ್ಲಿ ಜಿಂಕೆ ಹೊಡೆಯುವುದೇ ಕಾನೂನುಬಾಹಿರ. ರೇಂಜಿನಲ್ಲಿ ಕೈ ಪಳಗಿಸಲು ತಗೋ, ಕಾಡಿಗೆ ಮಾತ್ರ ಒಯ್ಯಬೇಡ.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ನನ್ನ ಬೇಟೆಯ ಎರಡನೆಯ ವರ್ಷ. ಆಗ .270 ಇತ್ತು. ದೂರಕ್ಕೆ ಹೊಡೆಯಲೆಂದೇ ಮಾಡಿದ, ತೆಳ್ಳಗಿನ ಹೊದಿಕೆಯ 130 ಗ್ರೇನ್ ಗುಂಡು ತಂದಿದ್ದೆ. ರೇಂಜಿನಲ್ಲಿ ಬಹಳ ಚೆನ್ನಾಗಿ ಕೂತಿತ್ತು, 100 ಗಜಕ್ಕೆ ಮೂರು ತೂತೂ ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುವ ಹಾಗೆ. ಮರದ ಮೇಲೆ ಮರಸು ಕೂತಿದ್ದೆ. ಬೆಳಗ್ಗೆ ಏಳೂವರೆ ಇರಬೇಕು, 30 ಗಜದೊಳಗೆ ಒಂದು ಗಂಡು ಬಂತು, ಸ್ವಲ್ಪ ನನ್ನ ಕಡೆಗೇ ಓರೆಯಾಗಿ ನಿಂತಿತ್ತು. ಹೊಡೆದೆ. ಬಿದ್ದು ಎದ್ದು, ಮೂರು ಕಾಲಿನಲ್ಲಿ ಕುಂಟುತ್ತಾ ಹಳುವಿನೊಳಗೆ ನುಗ್ಗಿತು. ನಳಿಗೆಯಿಂದ ಸೆಕೆಂಡಿಗೆ 3000 ಅಡಿಗೂ ಮೀರಿದ ವೇಗದಲ್ಲಿ ಹೊರಟ ಗುಂಡು, 30 ಗಜ ಹೋಗುವುದರಲ್ಲಿ ಆ ವೇಗವನ್ನು ಹೆಚ್ಚೇನೂ ಕಳೆದುಕೊಂಡಿರುವುದಿಲ್ಲ. ಅದೇ ರಭಸದಲ್ಲಿ ಭುಜದ ಕೀಲಿಗೆ ತಾಗಿ ಅಲ್ಲೇ ಒಡೆದಿತ್ತು. ರಕ್ತ ಹಿಡಿದು ಹುಡುಕಿ, ಇನ್ನೊಂದು ಈಡು ಹೊಡೆದು ಅದರ ಕಷ್ಟ ಮುಗಿಸುವ ಹೊತ್ತಿಗೆ ನಾಲ್ಕು ಗಂಟೆ ಕಳೆದಿತ್ತು. ಆ ನಾಲ್ಕು ಗಂಟೆ ಅದಕ್ಕೆ ಹೇಗಿತ್ತು ಅಂತ ಇವತ್ತಿಗೂ ಯೋಚಿಸುತ್ತೇನೆ.

ಮನೆಗೆ ತಂದು ಮುಂಗಾಲಿನ ಚರ್ಮ ಬಿಡಿಸಿದಾಗ ಇಡೀ ಭುಜ ಕಪ್ಪುಕೆಂಪು ಹಲ್ವದ ಹಾಗೆ ಆಗಿತ್ತು. ಬೆರಳು ಹಾಕಿದರೆ ಮೂಳೆಯ ಚೂರು, ತಾಮ್ರದ ಸಿಪ್ಪೆ, ಬೂದು ಬಣ್ಣದ ಸೀಸದ ಪುಡಿ. ಸಿಕ್ಕ ದೊಡ್ಡ ತುಂಡನ್ನು ತೊಳೆದು, ಮದ್ದು ತೂಗುವ ಪುಟ್ಟ ತಕ್ಕಡಿಯಲ್ಲಿಟ್ಟೆ. 41 ಗ್ರೇನ್. 130ರಲ್ಲಿ 41. ಉಳಿದ 89 ಆ ಮಾಂಸದಲ್ಲೇ ಎಲ್ಲೋ ಇತ್ತು. ಆ ಗುಂಡು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. 300 ಗಜದಲ್ಲಿ, ವೇಗ ಇಳಿದ ಮೇಲೆ, ಪಕ್ಕೆಲುಬಿನ ನಡುವೆ ಹೊಕ್ಕಿದ್ದರೆ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ನಾನು ಕೂರುವ ಜಾಗಕ್ಕೆ ಅದು ಹೊಂದುತ್ತಿರಲಿಲ್ಲ, ಅಷ್ಟೇ.

ಅದಕ್ಕೇ ನಿನ್ನನ್ನು ಮೊದಲು ಕೇಳುವುದು: ನೀನು ಎಲ್ಲಿ ಕೂರುತ್ತೀಯ? ಕಾಡಿನ ನಡುವೆ ಕೂತರೆ 40 ಗಜ, 70 ಗಜ, ಹೆಚ್ಚೆಂದರೆ 100. ಜೋಳ ಕೊಯ್ದ ಹೊಲದ ಅಂಚಿನಲ್ಲಿ ಕೂತರೆ 200 ಆಗಬಹುದು. ಅದರಾಚೆಗೆ ಮೊದಲ ವರ್ಷ ಹೊಡೆಯಲೇಬೇಡ.

ಗುಂಡಿನ ಜಾತಿಗಳನ್ನು ಹೇಳುತ್ತೇನೆ. ಹಳೆಯದು, ಅಗ್ಗದ್ದು, ಸೀಸದ ತಿರುಳು, ಮೇಲೆ ತಾಮ್ರದ ಹೊದಿಕೆ, ಮೂತಿಯಲ್ಲಿ ಸೀಸ ಕಾಣುವಂಥದ್ದು. ರೆಮಿಂಗ್ಟನ್‌ನ ಕೋರ್-ಲಾಕ್ಟ್ 1939ರಿಂದ ಇದೆ, ಈ ದೇಶದಲ್ಲಿ ಅದರಿಂದ ಬಿದ್ದ ಜಿಂಕೆಗಳಿಗೆ ಲೆಕ್ಕವಿಲ್ಲ. .308ರ ಹದವಾದ ವೇಗಕ್ಕೆ, ಕಾಡಿನ ದೂರಕ್ಕೆ ಇವತ್ತಿಗೂ ಸಾಕು. ಎರಡನೆಯದು, ಸೀಸವನ್ನು ಹೊದಿಕೆಗೆ ಬೆಸೆದಿರುವುದು, ಬಾಂಡೆಡ್ ಅನ್ನುತ್ತಾರೆ. ಅರಳುತ್ತದೆ, ಆದರೆ ತಿರುಳೂ ಹೊದಿಕೆಯೂ ಬೇರೆಯಾಗುವುದಿಲ್ಲ. ಫೆಡರಲ್‌ನ ಫ್ಯೂಷನ್, ನಾಸ್ಲರ್‌ನ ಅಕ್ಯುಬಾಂಡ್ ಈ ಜಾತಿ.

ನಾಸ್ಲರ್ ಅಂದ ಮೇಲೆ ಪಾರ್ಟಿಷನ್ ಗುಂಡಿನ ಕಥೆ ಹೇಳಲೇಬೇಕು. 1946ರಲ್ಲಿ ಜಾನ್ ನಾಸ್ಲರ್ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಮೂಸ್ ಬೇಟೆಗೆ ಹೋಗಿದ್ದರು. ದೊಡ್ಡ ಪ್ರಾಣಿ, ಮೈಗೆಲ್ಲ ಒಣಗಿದ ಕೆಸರು ಮೆತ್ತಿಕೊಂಡಿತ್ತು. ಅವರ ವೇಗದ ಗುಂಡುಗಳು ಮೇಲ್ಮೈಯಲ್ಲೇ ಒಡೆದುಹೋದವು, ಒಳಗೆ ಇಳಿಯಲೇ ಇಲ್ಲ. ಊರಿಗೆ ಬಂದವರೇ ತಾವೇ ಗುಂಡು ಮಾಡಲು ಕೂತರು. ನಡುವೆ ತಾಮ್ರದ ಅಡ್ಡಗೋಡೆ, ಮುಂದೊಂದು ಸೀಸದ ತಿರುಳು, ಹಿಂದೊಂದು. ಮುಂದಿನದು ಅರಳಲಿ, ಒಡೆಯಲಿ, ಹಿಂದಿನದು ಗಟ್ಟಿಯಾಗಿ ಒಳಕ್ಕೆ ತಳ್ಳಿಕೊಂಡು ಹೋಗಲಿ ಅಂತ. 1948ರಲ್ಲಿ ಕಂಪನಿಯೇ ಶುರುವಾಯಿತು, ಆ ಗುಂಡು ಇವತ್ತಿಗೂ ಮಾರಾಟದಲ್ಲಿದೆ. ಹೊಡೆದ ಪ್ರಾಣಿ ಯಾಕೆ ಬೀಳಲಿಲ್ಲ ಅಂತ ಕೂತು ಯೋಚಿಸಿದ ಮನುಷ್ಯ. ಅದಕ್ಕೇ ನನಗೆ ಅವರ ಮೇಲೆ ಗೌರವ.

ಆ ಭುಜದ ಘಟನೆಯಾದ ಮೇಲೆ ನಾನು .308ಕ್ಕೆ, ಬಾಂಡೆಡ್ ಗುಂಡಿಗೆ ಬದಲಾದೆ. ನಾಲ್ಕೈದು ವರ್ಷ ಒಂದೇ ಒಂದು ದೂರು ಇರಲಿಲ್ಲ. ಮತ್ತೆ ಬದಲಾಯಿಸಿದ್ದು ಊಟದ ತಟ್ಟೆಯಿಂದ.

ಒಂದು ಭಾನುವಾರ, ಕೈಮಾ ಮಾಡಿಟ್ಟಿದ್ದ ಜಿಂಕೆ ಮಾಂಸಕ್ಕೆ ಊರಿಂದ ತಂದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ, ಕರಿಮೆಣಸು ಜಾಸ್ತಿ ಹಾಕಿ ಹುರಿದಿದ್ದೆವು. ಮಗಳಿಗೆ ಆಗ ಐದು ವರ್ಷ. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಅಗಿಯುವುದನ್ನು ನಿಲ್ಲಿಸಿ, ಬಾಯಿಂದ ಏನೋ ತೆಗೆದು ತಟ್ಟೆಯ ಅಂಚಿಗಿಟ್ಟಳು. ಸಾಸಿವೆಗಿಂತ ಸಣ್ಣದು, ಬೂದು ಬಣ್ಣ. ಉಗುರಿನಿಂದ ಒತ್ತಿದರೆ ಗೆರೆ ಬಿತ್ತು. ಸೀಸ. ನನ್ನ ಹೆಂಡತಿ ಏನೂ ಮಾತಾಡಲಿಲ್ಲ, ಮಗುವಿನ ತಟ್ಟೆ ತೆಗೆದಳು, ಆಮೇಲೆ ನಮ್ಮೆಲ್ಲರ ತಟ್ಟೆಗಳನ್ನೂ.

ಆವತ್ತು ರಾತ್ರಿ ಕೂತು ಓದಿದೆ. 2008ರಲ್ಲಿ ನಾರ್ತ್ ಡಕೋಟಾದ ವೈದ್ಯರೊಬ್ಬರು, ಬಡವರಿಗೆ ಹಂಚಲು ಬೇಟೆಗಾರರು ದಾನ ಕೊಟ್ಟಿದ್ದ ಜಿಂಕೆ ಕೈಮಾದ ಪೊಟ್ಟಣಗಳನ್ನು ಸ್ಕ್ಯಾನ್ ಮಾಡಿಸಿದರು. ಬಹಳಷ್ಟರಲ್ಲಿ ಲೋಹದ ಚುಕ್ಕಿಗಳು. ಅದೇ ವರ್ಷ ಮಿನ್ನೆಸೋಟಾದವರು ಸತ್ತ ಕುರಿಗಳ ಮೇಲೆ ಬೇರೆ ಬೇರೆ ಗುಂಡು ಹೊಡೆದು ಎಕ್ಸ್‌ರೇ ತೆಗೆದರು. ಗಾಯದಿಂದ ಒಂದು ಅಡಿಗಿಂತ ಆಚೆಗೂ ಸೀಸದ ಕಣ ಸಿಕ್ಕಿದವು, ಕಣ್ಣಿಗೆ ಕಾಣದಷ್ಟು ಸಣ್ಣವು, ಬೆರಳಿಗೂ ಸಿಗದವು. ತೊಳೆದರೆ ಹೋಗುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ತೊಳೆದರೆ ಇನ್ನಷ್ಟು ಹರಡುತ್ತಿತ್ತು. ಮಕ್ಕಳ ಮಟ್ಟಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ, ಬೆಳೆಯುವ ಮೆದುಳಿಗೆ ತೊಂದರೆ. ಸೀಸ ಬಿಟ್ಟುಬಿಡು ಅಂತ ನಿನಗೆ ಹೇಳುತ್ತಿರುವುದಕ್ಕೆ ಇದೇ ಕಾರಣ. ನಿನಗೂ ಮನೆಯಲ್ಲಿ ಎರಡು ವರ್ಷದ ಮಗನಿದ್ದಾನೆ.

ಇನ್ನೊಂದು ಕಾರಣ ಹದ್ದುಗಳು. ಜಿಂಕೆಯನ್ನು ಕಾಡಿನಲ್ಲೇ ಸೀಳಿ ಕರುಳು, ಹೊಟ್ಟೆ ತೆಗೆದು ಅಲ್ಲೇ ಬಿಡುತ್ತೇವೆ. ಕಾಗೆ, ನರಿ, ಬೋಳು ಹದ್ದು ಬಂದು ತಿನ್ನುತ್ತವೆ. ಅದರಲ್ಲಿರುವ ಸೀಸದ ಚೂರು ಹದ್ದಿನ ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರುತ್ತದೆ. ಸ್ವಲ್ಪವೇ ಸಾಕು, ರೆಕ್ಕೆ ಇಳಿಬಿಟ್ಟು ನಿಲ್ಲಲಾರದೆ ಸಾಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಕಾಂಡೊರ್ ರಣಹದ್ದುಗಳು ಹೀಗೇ ಸಾಯುತ್ತಿದ್ದವು, ಅಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ವಿಸ್ಕಾನ್ಸಿನ್‌ನಲ್ಲಿ ಜಿಂಕೆ ಬೇಟೆಗೆ ಅಂಥ ಕಾನೂನಿಲ್ಲ. ಕಾನೂನು ಬರಲಿ ಅಂತ ಕಾಯಬೇಕಾಗಿಯೂ ಇಲ್ಲ.

ಹಾಗಾಗಿ ನನ್ನ ಉತ್ತರ ತಾಮ್ರದ ಗುಂಡು. ಹೊದಿಕೆ ಮಾತ್ರ ಅಲ್ಲ, ಪೂರ್ತಿ ತಾಮ್ರ, ಒಳಗೆ ಸೀಸವೇ ಇಲ್ಲ. ಬಾರ್ನ್ಸ್ ಕಂಪನಿಯವರು 1989ರಲ್ಲಿ ಎಕ್ಸ್ ಬುಲೆಟ್ ಅಂತ ತಂದದ್ದು ಈ ಜಾತಿಯ ದಾರಿ ತೆರೆಯಿತು, ಈಗ ಎಲ್ಲ ದೊಡ್ಡ ಕಂಪನಿಗಳೂ ಮಾಡುತ್ತವೆ. ಮೂತಿಯಲ್ಲಿ ಸಣ್ಣ ಗುಳಿ ಇರುತ್ತದೆ. ಒಳಗೆ ಹೊಕ್ಕೊಡನೆ ಅದು ಬಿರಿದು ನಾಲ್ಕು ದಳವಾಗಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಒಮ್ಮೆ ಎದುರಿಗೇ ನಿಂತ ಜಿಂಕೆಯ ಎದೆಗೆ ಹೊಡೆದಾಗ ಹಿಂದಿನ ತೊಡೆಯ ಚರ್ಮದಡಿ ಒಂದು ಗುಂಡು ಸಿಕ್ಕಿತು. ಅಷ್ಟುದ್ದ ಹೋಗಿ ಅಲ್ಲಿ ನಿಂತಿತ್ತು. ಅದು ನನ್ನ ಮೇಜಿನ ಮೇಲಿದೆ, ಸಣ್ಣ ತಾಮ್ರದ ಹೂವಿನ ಹಾಗೆ. 130 ಗ್ರೇನ್ ಹೊರಟದ್ದು 128 ಉಳಿದಿದೆ.

ತಾಮ್ರಕ್ಕೆ ಅದರದ್ದೇ ಹದ ಇದೆ, ಅದನ್ನು ತಿಳಿಯದೆ ಕೊಂಡು ಆಮೇಲೆ ಬೈಯುವವರು ಬಹಳ. ಸೀಸಕ್ಕಿಂತ ತಾಮ್ರ ಹಗುರ, ಹಾಗಾಗಿ ಅದೇ ತೂಕದ ಗುಂಡು ಉದ್ದವಾಗುತ್ತದೆ. ಮತ್ತೆ, ಅರಳಲು ಅದಕ್ಕೆ ವೇಗ ಬೇಕು. ತಾಗುವಾಗ ಸೆಕೆಂಡಿಗೆ ಸುಮಾರು 2000 ಅಡಿಯಾದರೂ ಇರಲಿ ಅಂತ ನನ್ನ ಲೆಕ್ಕ. ಎರಡಕ್ಕೂ ಪರಿಹಾರ ಒಂದೇ: ತೂಕ ಇಳಿಸು. ಸೀಸದಲ್ಲಿ 150 ಅಥವಾ 165 ಹೊಡೆಯುವವನು ತಾಮ್ರದಲ್ಲಿ 130 ತಗೊಳ್ಳಬೇಕು. 'ಅಷ್ಟು ಹಗುರವಾ?' ಅಂತ ಅಂಗಡಿಯವರು ಕೇಳಬಹುದು. ಹೂಂ, ಅಷ್ಟೇ. ಚೂರಾಗದೆ ಉಳಿದ 130, ಅರ್ಧ ಉದುರಿಹೋದ 165ಕ್ಕಿಂತ ಜಾಸ್ತಿ ತೂಕ.

ಬೆಲೆ ಜಾಸ್ತಿ, ನಿಜ. ಆದರೆ ವರ್ಷಕ್ಕೆ ಎಷ್ಟು ಹೊಡೆಯುತ್ತೇವೆ? ಸೀಸನ್ನಿಗೆ ಒಂದು, ಎರಡು. ಪರವಾನಗಿ, ಪೆಟ್ರೋಲು, ಬೂಟಿಗೆ ಹಾಕಿದ ದುಡ್ಡಿನ ಮುಂದೆ ಆ ಒಂದು ಗುಂಡಿನ ವ್ಯತ್ಯಾಸ ಏನೂ ಅಲ್ಲ.

ಇನ್ನು ಕೋವಿಯ ಇಷ್ಟ. ಒಂದೊಂದು ನಳಿಗೆಗೆ ಒಂದೊಂದು ಗುಂಡು ಹಿಡಿಸುತ್ತದೆ. ಯಾಕೆ ಅಂತ ಹೇಳುವುದು ಕಷ್ಟ, ಹೊಡೆದೇ ನೋಡಬೇಕು. ಎರಡು ಬೇರೆ ಕಂಪನಿಯ ತಾಮ್ರದ ತೋಟಾ ಒಂದೊಂದು ಡಬ್ಬ ತಗೋ. ಮೊದಲು ನಳಿಗೆ ಚೆನ್ನಾಗಿ ತೊಳೆ, ಹಳೆಯ ಗುಂಡಿನ ಕಿಟ್ಟ ಇದ್ದರೆ ತಾಮ್ರ ಸರಿಯಾಗಿ ಕೂರುವುದಿಲ್ಲ. ಆಮೇಲೆ 100 ಗಜಕ್ಕೆ ಮೂರು ಮೂರು ಹೊಡಿ, ನಡುವೆ ನಳಿಗೆ ಆರಲು ಬಿಡು. ಮೂರೂ ಒಂದೂವರೆ ಇಂಚಿನೊಳಗೆ ಬಿದ್ದರೆ ಜಿಂಕೆಗೆ ಸಾಕು. ಯಾವುದು ಚೆನ್ನಾಗಿ ಕೂತಿತೋ ಅದರದ್ದೇ ಇನ್ನೊಂದು ಡಬ್ಬ ತಂದು, 100 ಗಜದಲ್ಲಿ ಒಂದೂವರೆ ಇಂಚು ಮೇಲೆ ಬೀಳುವ ಹಾಗೆ ಕೋವಿಯ ಮೇಲಿನ ದುರ್ಬೀನು ತಿರುಗಿಸಿಕೋ. ಆಗ 200 ಗಜದವರೆಗೆ ಮೇಲೆ ಕೆಳಗೆ ಲೆಕ್ಕ ಹಾಕದೆ ಎದೆಗೇ ಗುರಿ ಇಡಬಹುದು. ಒಂದು ವಿಷಯ ನೆನಪಿಡು, ಸೀಸದಲ್ಲಿ ಗುರಿ ಸರಿಮಾಡಿಕೊಂಡು ತಾಮ್ರ ಹಾಕಿಕೊಂಡು ಕಾಡಿಗೆ ಹೋಗಬೇಡ. ಅದೇ ಕೋವಿ, ಅದೇ ದೂರ, ಆದರೂ ಎರಡು ಮೂರು ಇಂಚು ಪಕ್ಕಕ್ಕೆ ಬೀಳಬಹುದು.

ತಾಮ್ರದ ಗುಂಡು ಹೆಚ್ಚಾಗಿ ಆರಪಾರ ಹೋಗುತ್ತದೆ. ಒಳ್ಳೆಯದೇ, ಎರಡು ತೂತಾದರೆ ರಕ್ತ ಜಾಸ್ತಿ ಬೀಳುತ್ತದೆ, ಹುಡುಕುವುದು ಸುಲಭ. ಆದರೆ ಆಚೆ ಹೋದ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಟ್ರಿಗರ್ ಒತ್ತುವ ಮೊದಲೇ ಗೊತ್ತಿರಬೇಕು. ಹಿಂದೆ ಮಣ್ಣು ಕಾಣಬೇಕು. ದಿಬ್ಬದ ತುದಿಯಲ್ಲಿ ಆಕಾಶಕ್ಕೆ ಎದುರಾಗಿ ನಿಂತ ಜಿಂಕೆಗೆ ಎಷ್ಟೇ ದೊಡ್ಡ ಕೊಂಬಿರಲಿ, ಹೊಡೆಯಬೇಡ. ಹಿಂದೆ ಇನ್ನೊಂದು ಜಿಂಕೆ ನಿಂತಿದ್ದರೂ ಕಾಯಬೇಕು.

ಗುರಿ ಇಡಬೇಕಾದ್ದು ಮುಂಗಾಲಿನ ಹಿಂದೆ, ಮೈಯ ಕೆಳಗಿನ ಮೂರನೇ ಒಂದು ಭಾಗ ಮುಗಿಯುವಲ್ಲಿ. ಶ್ವಾಸಕೋಶ, ಹೃದಯ ಎರಡೂ ಅಲ್ಲೇ, ಒಂದು ತಿಂಡಿ ತಟ್ಟೆಯಷ್ಟು ಜಾಗ. ಹೊಡೆದ ಮೇಲೆ ಅರ್ಧ ಗಂಟೆ ಕೂತಲ್ಲೇ ಕೂತಿರು. ಇಳಿದು ಹೋಗಿ ನೋಡಿದಾಗ ಎಲೆಯ ಮೇಲೆ ತಿಳಿಗೆಂಪು, ನೊರೆನೊರೆ ರಕ್ತ ಇದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಹಸಿರು ಬೆರೆತು ವಾಸನೆ ಬಂದರೆ ಹೊಟ್ಟೆಗೆ ತಾಗಿದೆ, ಸದ್ದು ಮಾಡದೆ ಹಿಂದೆ ಬಂದು ಆರೇಳು ಗಂಟೆ ಬಿಡು. ಬೆನ್ನಟ್ಟಿದರೆ ಅದು ಇನ್ನೂ ದೂರ ಹೋಗುತ್ತದೆ. ಯಾವ ಒಳ್ಳೆಯ ಗುಂಡೂ ಕೆಟ್ಟ ಜಾಗಕ್ಕೆ ಬಿದ್ದರೆ ಒಳ್ಳೆಯದಾಗುವುದಿಲ್ಲ.

ಹೋದ ನವೆಂಬರಿನಲ್ಲಿ ನಾನು ಹೊಡೆದದ್ದು ಒಂದು ಹೆಣ್ಣು, 70 ಗಜ ಇರಬಹುದು. ಬೆನ್ನು ಗೂನು ಮಾಡಿ ಓಡಿತು, ನಲವತ್ತು ಹೆಜ್ಜೆ, ಒಂದು ಓಕ್ ಮರದ ಬುಡದಲ್ಲಿ ಬಿತ್ತು. ಗಾಯದ ಸುತ್ತ ಎರಡು ಬೆರಳಗಲ ಕತ್ತರಿಸಿ ತೆಗೆದದ್ದು ಬಿಟ್ಟರೆ ಮಾಂಸ ಏನೂ ಹಾಳಾಗಿರಲಿಲ್ಲ. ಈ ರಾಜ್ಯದಲ್ಲಿ 2002ರಿಂದ ಜಿಂಕೆಗಳಲ್ಲಿ ಸೊರಗು ರೋಗ ಇದೆ, ಹಾಗಾಗಿ ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬಂದ ಮೇಲೆಯೇ ಅಡುಗೆ. ಮರುದಿನ ಕೋವಿ ಇಲ್ಲದೆ ಅದೇ ಜಾಗಕ್ಕೆ ಹೋಗಿದ್ದೆ. ಕರುಳಿನ ಗುಡ್ಡೆಯ ಮೇಲೆ ಬೋಳು ಹದ್ದೊಂದು ಕೂತು ತಿನ್ನುತ್ತಿತ್ತು. ಬಹಳ ಹೊತ್ತು ನೋಡುತ್ತಾ ನಿಂತೆ.

ಈ ಶನಿವಾರ ಬೆಳಗ್ಗೆ ಎಂಟಕ್ಕೆ ರೇಂಜಿಗೆ ಬಾ. 130 ಗ್ರೇನ್, ತಾಮ್ರ, ಎರಡು ಕಂಪನಿಯದ್ದು. ನಳಿಗೆ ತೊಳೆಯುವ ಬ್ರಷ್ಷು, ತಕ್ಕಡಿ ನಾನು ತರುತ್ತೇನೆ. ಕಿವಿಗೆ ಹಾಕುವುದನ್ನು ಮಾತ್ರ ಮರೀಬೇಡ.